ಆಹೇರಕ್ಕೆ ಹೋದ ಸಾಫ್ಟ್‌ವೇರ್

ನಮ್ಮ ಔರಾದ ಹೈಸ್ಕೂಲಿನ ಚಿತ್ರಕಲೆಯ ಮಾಸ್ತರರಾದ ದತ್ತಾತ್ರಿ ಸರ್ ಅವರಿಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಹುಟ್ಟಿದ್ದು ಹೀಗೆ. ಎರಡು ವರ್ಷದ ಹಿಂದೆ ಆಫೀಸಿನ ಕಂಪ್ಯೂಟರ್ ಇದ್ದಕ್ಕಿದ್ದಂತೆ ಬಂದ್ ಬಿತ್ತು. ಮೂರು ದಿನ ನಾವೆಲ್ಲ ಅದರ ಸುತ್ತ ನಿಂತು ಹಳಹಳಿಸಿದೆವು. ನಾಲ್ಕನೆಯ ದಿನ ದತ್ತಾತ್ರಿ ಸರ್ ಬಿದ್ದುಹೋದ ಬಣ್ಣದ ಸೀಸಕಡ್ಡಿ ಹುಡುಕುತ್ತ ಮೇಜಿನ ಕೆಳಗೆ ಬಗ್ಗಿದರು. ಅವರ ತಲೆ ತಾಗಿ ಸಡಿಲಾಗಿದ್ದ ಪ್ಲಗ್ಗು ಒಳಗೆ ಹೋಗಿ ಕೂತಿತು. ಕಂಪ್ಯೂಟರ್ ಚಾಲೂ ಆಯಿತು. ಅವರು ತಲೆ ಉಜ್ಜಿಕೊಳ್ಳುತ್ತ ಎದ್ದು, "ಸಣ್ಣ ಪ್ರಾಬ್ಲೆಮ್ ಇತ್ರಿ" ಎಂದರು. ಅಷ್ಟೇ. ಅಂದಿನಿಂದ ತಾಲೂಕಿನಲ್ಲಿ ಅವರಿಗೆ 'ಕಂಪ್ಯೂಟರ್ ಸರ್' ಎಂದು ಹೆಸರಾಯಿತು, ಅವರೂ ಬೇಡ ಅನ್ನಲಿಲ್ಲ.

ನಾನು ಅದೇ ಶಾಲೆಯ ಕನ್ನಡ ಮಾಸ್ತರ. ಸುಳ್ಳು ಹೇಳುವ ಚಟ ನನಗಿಲ್ಲ. ಹೆಚ್ಚೆಂದರೆ ಇದ್ದದ್ದಕ್ಕೆ ಸ್ವಲ್ಪ ಒಗ್ಗರಣೆ ಹಾಕುತ್ತೇನೆ.

ಈ ಸಲ ಬಂದದ್ದು ಒಂದು ಕಂಪ್ಯೂಟರ್ ಅಲ್ಲ, ಹನ್ನೆರಡು. ಅವುಗಳ ಜೊತೆಗೆ ಒಂದು ಸರ್ವರ್. ತಂದವರು ನಮ್ಮ ಹೆಡ್ ಮೇಡಂ ಮಹಮೂದಾ ಬೇಗಂ. ಮೂರು ವರ್ಷ ಪತ್ರ ಬರೆದೂ ಬರೆದೂ ತಂದರು. ಮೇಡಂ ಕಡಿಮೆ ಮಾತಿನವರು, ಅವರ ಭಾಷಣ ಯಾವತ್ತೂ ಎರಡು ನಿಮಿಷ ದಾಟಿದ್ದಿಲ್ಲ. ಇನ್ನೊಂದು ವಿಶೇಷವೆಂದರೆ ಯಾರು ಏನು ಕಾಣಿಕೆ ಕೊಟ್ಟರೂ ಮನೆಗೆ ಒಯ್ಯುವವರಲ್ಲ. ಸಂಜೆಯೊಳಗೆ ಅದನ್ನು ಮತ್ತೊಬ್ಬರ ಕೈಗೆ ದಾಟಿಸಿ ಬೀದರದ ಬಸ್ಸು ಹತ್ತುತ್ತಿದ್ದರು. ಆ ನವೆಂಬರ್ ಮೂವತ್ತಕ್ಕೆ ಅವರ ನಿವೃತ್ತಿ ಇತ್ತು.

ಅದಕ್ಕಿಂತ ಮೊದಲು ಒಂದು ಗಂಡಾಂತರ ಬಂತು. ಬರುವ ಸೋಮವಾರ ಬೀದರಿನ ಶಿಕ್ಷಣ ಇಲಾಖೆಯ ಅನೀಲಕುಮಾರ ಸಾಹೇಬರು ತಪಾಸಣೆಗೆ ಬರುತ್ತಾರೆ, ಅಷ್ಟರಲ್ಲಿ ಪಾಠದ ಸಾಫ್ಟ್‌ವೇರ್ ಸರ್ವರಿಗೆ ಏರಿ ಪಾಠ ನಡೆದಿರಬೇಕು, ಇಲ್ಲವಾದರೆ ಕಂಪ್ಯೂಟರುಗಳನ್ನು ಎತ್ತಿ ಪಟ್ಟಿಯಲ್ಲಿ ಮುಂದಿರುವ ಭಾಲ್ಕಿಯ ಶಾಲೆಗೆ ಕೊಡಲಾಗುವುದು ಎಂದು ಆದೇಶ ಬಂತು. ಭಾಲ್ಕಿಯವರು ಆಗಲೇ ಹನ್ನೆರಡು ಟೇಬಲ್ ಮಾಡಿಸಿ ವಾರ್ನಿಷ್ ಹೊಡೆಸಿದ್ದಾರೆ ಎಂಬ ಸುದ್ದಿಯೂ ಅದರ ಹಿಂದೆಯೇ ಬಂತು. ನಮ್ಮೂರಿನ ಇಂಟರ್‌ನೆಟ್ಟು ಬಂದು ಮುಖ ತೋರಿಸಿ ಹೋಗುವಂಥದ್ದು, ಅದನ್ನು ನಂಬಿ ಸಾಫ್ಟ್‌ವೇರ್ ಇಳಿಸಲು ಕೂತರೆ ಮುಂದಿನ ಹೆಡ್ ಮೇಡಂ ಸಹ ನಿವೃತ್ತರಾಗುತ್ತಾರೆ. ಆದ್ದರಿಂದ ಬೀದರಿನಲ್ಲಿ ತರಬೇತಿ ಇಟ್ಟು ಪ್ರತಿ ಶಾಲೆಗೂ ಪೆನ್ ಡ್ರೈವ್ ಕೊಡುವುದೆಂದಾಯಿತು. ನಮ್ಮಿಂದ ಯಾರು ಹೋಗಬೇಕು ಎಂದು ಮೇಡಂ ಕೇಳುವ ಮೊದಲೇ ದತ್ತಾತ್ರಿ ಸರ್ ಎದ್ದು ನಿಂತಿದ್ದರು.

ಗುರುವಾರ ತರಬೇತಿ. ಸಾಹೇಬರ ಆಫೀಸಿನ ಆಪರೇಟರ್ ಮುಬಶ್ಶೀರ ಒಳಗೆ ಎಲ್ಲರಿಗೂ ಪೆನ್ ಡ್ರೈವಿನ ವಿಷಯ ಬಿಡಿಸಿ ಹೇಳುತ್ತಿದ್ದಾಗ ನಮ್ಮ ಸರ್ ಹೊರಗೆ ವರಾಂಡದಲ್ಲಿ ಹಲಬರ್ಗಾದ ಒಬ್ಬ ಮಾಸ್ತರರನ್ನು ಹಿಡಿದು ನಿಲ್ಲಿಸಿ ಜ್ಞಾನದಾನ ಮಾಡುತ್ತಿದ್ದರು.

"ಸರ್ವರ್ ಅಂದ್ರ ಮನಿಯಾಗಿನ ಅತ್ತಿ ಇದ್ದಂಗ್ರಿ. ಎಲ್ಲಾ ಆಕಿ ಕಡೀನೇ ಇರ್ತದ. ಕೇಳಿದವ್ರಿಗಿ ಕೇಳಿದಷ್ಟೇ ಕೊಡ್ತಾಳ."

"ಮತ್ತ ಹ್ಯಾಂಗ್ ಆದ್ರ ಏನ್ ಮಾಡೋದ್ರಿ?"

"ಅತ್ತಿ ಸಿಟ್ಟಿಗೆದ್ರ ಏನ್ ಮಾಡ್ತೀರಿ? ಬಂದ್ ಮಾಡಿ ಹೊರಗ ಹೋಗಿ ಚಹಾ ಕುಡದು ಬರ್ರಿ. ಅಷ್ಟೇ."

ಒಳಗೆ ಬಂದು ನೋಡಿದರೆ ಸಭೆ ಮುಗಿದಿತ್ತು. ಸಹಿ ಹಾಕಿದರು. ಪ್ಲಾಸ್ಟಿಕ್ ಕವರಿನಲ್ಲಿ ಒಂದು ಶಾಲು, ಮಖಮಲ್ಲಿನ ಒಂದು ಸಣ್ಣ ಡಬ್ಬಿ ಕೈಗೆ ಬಂತು. ಡಬ್ಬಿಯೊಳಗೆ ಬೆರಳುದ್ದದ ಕರಿಯ ಬಿದ್ರಿ ವಸ್ತು, ಅದರ ಮೇಲೆ ಬೆಳ್ಳಿತಂತಿಯ ಹೂವು. "ನಮ್ಮ ಕೆಲಸಕ್ಕ ಮೆಚ್ಚಿ ಸನ್ಮಾನ ಮಾಡ್ಯಾರ" ಎಂದುಕೊಂಡರು. ಸಾಫ್ಟ್‌ವೇರಿನ ಚಿಂತೆ ಅವರಿಗೆ ಇರಲೇ ಇಲ್ಲ. ತಮ್ಮ ಸ್ವಂತ ಕೆಂಪು ಪೆನ್ ಡ್ರೈವನ್ನು ಬೆಳಗ್ಗೆಯೇ ಅಲ್ಲಿನ ಕಂಪ್ಯೂಟರಿಗೆ ಚುಚ್ಚಿಟ್ಟಿದ್ದರು. ಎರಡು ತಾಸು ಚುಚ್ಚಿಟ್ಟ ಮೇಲೆ ಸಾಫ್ಟ್‌ವೇರ್ ಅದರಲ್ಲಿ ಇಳಿಯದೆ ಎಲ್ಲಿಗೆ ಹೋದೀತು?

ಇಲ್ಲಿ ನಮ್ಮ ಕಡೆಯ ಶಾಲಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸನ್ಮಾನದ ಶಾಲು ಹೊದೆಯುವುದಕ್ಕಲ್ಲ. ಕವರ್ ಸಮೇತ ಹೆಗಲ ಮೇಲೆ ಇಡುತ್ತಾರೆ, ಫೋಟೋ ಹೊಡೆಯುತ್ತಾರೆ, ಕೆಳಗಿಳಿಸುತ್ತಾರೆ. ಅದು ಮನೆಗೆ ಬಂದು ಟ್ರಂಕು ಸೇರುತ್ತದೆ, ಮುಂದಿನ ಮದುವೆಗೋ ಮನೆಯೊಕ್ಕಲಿಗೋ ಆಹೇರವಾಗಿ, ಅಂದರೆ ಉಡುಗೊರೆಯಾಗಿ, ಹೊರಡುತ್ತದೆ. ಪಡೆದವರು ಇನ್ನೊಬ್ಬರಿಗೆ ಕೊಡುತ್ತಾರೆ. ಮಡಿಕೆ ಬಿಚ್ಚುವ ಪಾಪವನ್ನು ಯಾರೂ ಕಟ್ಟಿಕೊಳ್ಳುವುದಿಲ್ಲ. ಎಲ್ಲರಿಗೂ ಇದು ಗೊತ್ತು. ಗೊತ್ತಿದೆ ಎಂದು ಹೇಳುವುದು ಮಾತ್ರ ಭಾರಿ ಅವಮಾನ.

ಶನಿವಾರ ಬೆಳಗ್ಗೆ ಸರ್ವರಿನ ಮೇಲಿನ ಚಾದರ ತೆಗೆದರು. ಮೇಡಂ, ನಾವೆಲ್ಲ ಮಾಸ್ತರರು, ಹತ್ತನೆಯ ತರಗತಿಯ ಹುಡುಗಿಯರು ಸುತ್ತ ನಿಂತಿದ್ದೆವು. ದತ್ತಾತ್ರಿ ಸರ್ ಕೆಂಪು ಪೆನ್ ಡ್ರೈವ್ ಚುಚ್ಚಿದರು, ಒಂದಷ್ಟು ಒತ್ತಿದರು, ಇಪ್ಪತ್ತು ನಿಮಿಷ ಕೈಕಟ್ಟಿ ನಿಂತರು. ಕಡೆಗೆ, "ಈಗ ನೋಡ್ರಿ" ಎಂದರು.

ಹನ್ನೆರಡೂ ಕಂಪ್ಯೂಟರಿನಲ್ಲಿ ಬ್ಯಾಂಡ್ ಬಾಜಾ ಶುರುವಾಯಿತು. ಗುಲಾಬಿ ರುಮಾಲು ಸುತ್ತಿದ ಗಂಡಸೊಬ್ಬ ಕುದುರೆಯ ಮುಂದೆ ಕುಣಿಯುತ್ತಿದ್ದ. ಹುಡುಗಿಯರು ಚಪ್ಪಾಳೆ ಹೊಡೆದರು.

"ದತ್ತಾತ್ರಿ ಸರ್, ಇದು ಯಾವ ಪಾಠ ರಿ?" ಮೇಡಂ ಕೇಳಿದರು.

"ಸಮಾಜ ವಿಜ್ಞಾನ ರಿ ಮೇಡಂ. ಕುಟುಂಬ ವ್ಯವಸ್ಥೆ."

"ಆ ರುಮಾಲಿನವ್ರು ಯಾರು?"

"ಕುಟುಂಬದ ಹಿರಿಯರು ರಿ."

ಖರೆ ಹೇಳಬೇಕೆಂದರೆ ಅದು ಅವರ ಹೆಂಡತಿಯ ತಮ್ಮ ನಾಗಸೇನ, ಭಾಲ್ಕಿಯವನು. ಅವನ ಮಗಳು ಮನಿಷಾಳ ಮದುವೆಯ ವಿಡಿಯೋ. ಇದನ್ನು ಮುಚ್ಚಿಡಬಹುದಾಗಿತ್ತೇನೋ, ಆದರೆ ಅಷ್ಟರಲ್ಲಿ ಪರದೆಯ ಮೇಲೆ ಸ್ವತಃ ದತ್ತಾತ್ರಿ ಸರ್ ಬಂದರು. ಎರಡೂ ಕೈಯಲ್ಲಿ ಒಂದೊಂದು ಜಿಲೇಬಿ. ಹನ್ನೆರಡು ಕಂಪ್ಯೂಟರಿನಲ್ಲಿ ಹನ್ನೆರಡು ದತ್ತಾತ್ರಿ ಸರ್, ಇಪ್ಪತ್ನಾಲ್ಕು ಜಿಲೇಬಿ.

"ಟ್ರಯಲ್ ರಿ ಮೇಡಂ" ಎಂದರು ನಮ್ಮ ಸರ್, ಕಣ್ಣು ಸಹ ಮಿಟುಕಿಸದೆ. "ಹೊಸ ಮಷೀನಿಗಿ ಮೊದ್ಲ ಮನಿದು ಹಾಕಿ ನೋಡ್ತಾರ. ಸರ್ಕಾರದ್ದು ಆಮ್ಯಾಲ. ಸೋಮವಾರಕ್ಕ ಪಕ್ಕಾ."

ಮೇಡಂ ಸ್ವಲ್ಪ ಹೊತ್ತು ಆ ಹುಡುಗಿಯರನ್ನೇ ನೋಡಿದರು. "ನೋಡ್ರಿ ಸರ್, ಮೂವತ್ತಕ್ಕ ನಾ ರಿಟೈರ್ ಆಗ್ತೇನಿ. ಇವು ಒಯ್ಯಲಿಕ್ಕ ಗಾಡಿ ಬಂದು ನಿಂತಿದ್ದು ನೋಡಿ ರಿಟೈರ್ ಆಗೋದು ಬ್ಯಾಡ. ಇಷ್ಟೇ ನನ್ನ ಮಾತು" ಎಂದು ಹೊರಟುಹೋದರು. ಅವರ ದನಿ ನಡುಗಿದ್ದನ್ನು ನಾನು ಮೊದಲ ಸಲ ಕೇಳಿದೆ.

ದತ್ತಾತ್ರಿ ಸರ್ ವರಾಂಡಕ್ಕೆ ಬಂದು ಮುಬಶ್ಶೀರನಿಗೆ ಫೋನು ಹಚ್ಚಿದರು. ಅವನ ದನಿ ನನಗೂ ಕೇಳುತ್ತಿತ್ತು.

"ಅರೇ ಸರ್, ಡಬ್ಬಿ ಕೊಟ್ಟೀವಲ್ರಿ! ಅದರಾಗ ಬಿದ್ರಿದು ಕರೀದು ಒಂದು ಅದಲ್ಲ, ಅದರ ಮುಚ್ಚಳ ಜೋರ್ ಹಚ್ಚಿ ಎಳೀರಿ. ಅದೇ ಪೆನ್ ಡ್ರೈವ್. ಬೀದರದ ಕೆಲಸ ಎಲ್ಲಾ ಸಾಲಿಗಿ ಮುಟ್ಟಲಿ ಅಂತ ಸಾಹೇಬ್ರ ಶೋಕಿ ರಿ."

"ಇನ್ನೊಂದು ಕಾಪಿ ಸಿಗ್ತದೇನ್ರಿ?"

"ಸಿಗ್ತದ ರಿ, ಯಾಕ ಸಿಗಂಗಿಲ್ಲ? ಕಳದದ ಅಂತ ನಿಮ್ಮ ಹೆಡ್ ಮೇಡಂ ಬರದು ಕೊಡ್ಬೇಕು, ನಮ್ಮ ಸಾಹೇಬ್ರು ಮಂಜೂರ್ ಮಾಡ್ಬೇಕು. ಸೋಮವಾರ ಸಾಹೇಬ್ರು ನಿಮ್ಮಲ್ಲೇ ಬರ್ಲಿಕತ್ತಾರ, ಅಲ್ಲೇ ಸಹಿ ತಗೋರಿ."

ಸರ್ ಫೋನು ಕಿಸೆಗೆ ಹಾಕಿದರು. "ಏನೂ ಫಿಕರ್ ಮಾಡಬ್ಯಾಡ್ರಿ. ಡಬ್ಬಿ ಮನ್ಯಾಗ ಅದ."

ಡಬ್ಬಿ ಮನೆಯಲ್ಲಿರಲಿಲ್ಲ. "ಆ ಕಾಡಿಗಿ ಡಬ್ಬಿ?" ಎಂದರು ಅವರ ಹೆಂಡತಿ ಶಾಲುಬಾಯಿ. "ನಿನ್ನೆ ನಾಗಸೇನನ ಹೊಸ ಮನಿಗಿ ಶಾಲಿನ ಜೋಡಿ ಆಹೇರ ಹಾಕೀನಲ್ರಿ. ನೀವೂ ಬಾಜೂಕ ನಿಂತು ಹಲ್ಲು ಕಿರದು ಫೋಟೋ ತಗಸ್ಕೊಂಡ್ರಿ!"

ರವಿವಾರ ಬೆಳಗ್ಗೆ ಗಂಡ ಹೆಂಡತಿ ಮೋಟರ್ ಸೈಕಲ್ ಮೇಲೆ ಭಾಲ್ಕಿಗೆ ಹೊರಟರು. ಮುಂದೆ ನಡೆದದ್ದನ್ನು ದತ್ತಾತ್ರಿ ಸರ್ ಒಂದು ರೀತಿ ಹೇಳುತ್ತಾರೆ, ಶಾಲುಬಾಯಿ ಇನ್ನೊಂದು ರೀತಿ. ನಾನು ಶಾಲುಬಾಯಿಯವರನ್ನು ನಂಬುತ್ತೇನೆ. ದಾರಿಯಲ್ಲೇ ಆಕೆ ಶರತ್ತು ಹಾಕಿದ್ದರು: "ಕೊಟ್ಟ ಆಹೇರ ತಿರುಗಿ ಕೇಳಿದ್ರ ನಾ ಮತ್ತ ತವರಮನಿ ಹೊಸ್ತಿಲಾ ತುಳಿಯಂಗಿಲ್ಲ. ನೋಡ್ತೇವಿ ಅನ್ರಿ. ಬೇಕು ಅನಬ್ಯಾಡ್ರಿ."

"ಮನಿ ಭಾರಿ ಛಂದ ಆಗ್ಯಾದ ನಾಗಸೇನ" ಎಂದು ಸರ್ ಶುರು ಮಾಡಿದರು. "ನಮ್ಮ ಆಹೇರ ಎಲ್ಲಿಟ್ಟೀರಿ? ಒಮ್ಮಿ ನೋಡಿ ಹೋಗ್ತೇವಿ."

ನಾಗಸೇನ ಒಂದು ಕ್ಷಣ ಗೋಡೆ ನೋಡಿದ. "ಅಕ್ಕ ಕೊಟ್ಟಿದ್ದು ಹೊರಗ ಇಡ್ತೀವೇನ್ರಿ ಮಾಮಾ? ತಿಜೋರಿಯಾಗ ಇಟ್ಟೀನಿ."

"ತಿಜೋರಿ ತಗೀ, ನೋಡೋಣು."

"ಚಾವಿ ಮನಿಷಾನ ಕಡೆ ಅದ್ರಿ."

"ಆಕಿ ಎಲ್ಲಿ?"

"ಗಂಡನ ಮನಿಗಿ ಹೋಗ್ಯಾಳ್ರಿ. ಮನಿಯೊಕ್ಕಲಿಗಿ ಬಂದು ಹೋದಾಕಿ ಇನ್ನ ಯುಗಾದಿಗೇ ಬರೋದು."

ಅಷ್ಟರಲ್ಲಿ ಅಡುಗೆಮನೆಯಿಂದ ಮನಿಷಾ ಚಹಾ ತಂದಳು.

ಮನಿಷಾ ಎಲ್ಲರ ಮುಖ ನೋಡಿ ಸಕ್ಕರೆ ಕಡಿಮೆಯಾಯಿತೇನೋ ಎಂದು ಒಳಗೆ ಹೋದಳು. ದತ್ತಾತ್ರಿ ಸರ್ ಹೆಂಡತಿಯ ಶರತ್ತು ಮರೆತರು. "ಏ ನಾಗಸೇನ, ಅದು ಕಾಡಿಗಿ ಡಬ್ಬಿ ಅಲ್ಲೋ! ಅದರಾಗ ಇಡೀ ಸಾಲಿ ಸಾಫ್ಟ್‌ವೇರ್ ಅದ! ಸಿಗಲಿಲ್ಲಂದ್ರ ನಮ್ಮ ಹನ್ನೆರಡು ಕಂಪ್ಯೂಟರ್ ನಿಮ್ಮ ಭಾಲ್ಕಿಗಿ ಬರ್ತಾವ!"

"ಹಂಗಾದ್ರ ಛಲೋ ಆತಲ್ರಿ" ಎಂದ ನಾಗಸೇನ. ಅಕ್ಕನ ಕಣ್ಣು ನೋಡಿ ಮಾತು ತಿರುಗಿಸಿದ. "ಮನಿ ಕಟ್ಟಿದ ಆಸಿಫ ಮಿಸ್ತ್ರಿಗಿ ಕೊಟ್ಟೀನ್ರಿ ಮಾಮಾ. ಮಿಸ್ತ್ರಿಗಿ ಸನ್ಮಾನ ಮಾಡದೆ ಕಳಸಿದ್ರ ಮನಿ ಬಿರಕ ಬಿಡ್ತದಂತಾರ."

ಶಾಲುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಅಕ್ಕ ಕೊಟ್ಟಿದ್ದು ಎರಡು ದಿನ ಮನ್ಯಾಗ ಇಟ್ಕೊಳ್ಳಾಕ ಆಗಲಿಲ್ಲೇನೋ ನಿನಗ?"

"ನೀ ಎಷ್ಟು ದಿನ ಇಟ್ಕೊಂಡಿದ್ದೆವ್ವಾ?"

ಶಾಲುಬಾಯಿ ಚಹಾ ಕುಡಿದರು. ಅವರ ಮನೆಯಲ್ಲಿ ಅದು ಇದ್ದದ್ದು ಒಂದೇ ರಾತ್ರಿ.

ಆಸಿಫ ಮಿಸ್ತ್ರಿಯ ಮನೆ ಬೀದರಿನಲ್ಲಿ, ಅಷ್ಟೂರದ ದಾರಿಯಲ್ಲಿ. ಹೋಗಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಆಸಿಫ ಮುಚ್ಚುಮರೆ ಇಲ್ಲದ ಮನುಷ್ಯ.

"ನಾವು ಕಣ್ಣಿಗಿ ಹಚ್ಚೋ ಸುರಮಾ ಡಬ್ಬಿ ಅಂತ ತಿಳಕೊಂಡ್ವಿ ಸರ್. ಎಷ್ಟ್ ಎಳದ್ರೂ ಮುಚ್ಚಳ ಬರಲಿಲ್ಲ. ನಮ್ಮ ಮನಿಯಾಕಿ ಫರ್ಹೀನ ಅಂದ್ಳು, ನಮ್ಮ ಖಾಲಾಗ ಕೊಡ್ರಿ, ಪಾಪ ರಿಟೈರ್ ಆಗ್ಲಿಕತ್ತಾರ ಅಂತ. ನಿನ್ನೆ ಸಂಜೀಗಿ ಶಾಲು ಡಬ್ಬಿ ಎರಡೂ ಒಯ್ದು ಕೊಟ್ಟು ಬಂದೀನಿ."

"ಖಾಲಾ ಅಂದ್ರ ಚಿಕ್ಕವ್ವ ಹೌದಲ್ರಿ? ಯಾರವ್ರು?"

"ಔರಾದ ಸಾಲಿ ಹೆಡ್ ಮೇಡಂ ರಿ, ಮಹಮೂದಾ ಬೇಗಂ. ನಿಮ್ಮ ಕಡೆಯವ್ರೇ, ಪರಿಚಯ ಇರಬೇಕಲ್ರಿ?"

ದತ್ತಾತ್ರಿ ಸರ್ ಕಟ್ಟೆಯ ಮೇಲೆ ಕೂತರು. "ಮುಖ ನೋಡಿ ಗೊತ್ತದ" ಎಂದರು.

"ಆದ್ರ ಅವ್ರು ಇಟ್ಕೊಳ್ಳೋರಲ್ಲ ರಿ. ಸೋಮವಾರ ಯಾರೋ ಸಾಹೇಬ್ರು ಬರ್ತಾರಂತ, ಅವ್ರಿಗಿ ಕೊಡ್ತೇನಿ ಅಂತ ನನ್ನ ಮುಂದೇ ಸಾಲಿ ಅಲಮಾರ್ಯಾಗ ಇಟ್ಟು ಬೀಗ ಹಾಕಿದ್ರು."

ಅಲ್ಲಿಂದಲೇ ಮೇಡಂಗೆ ಫೋನು ಹಚ್ಚಿದರು. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಸಾಫ್ಟ್‌ವೇರ್ ಎಲ್ಲಿ ಅದ ಸರ್?"

ನಿಮ್ಮ ಅಲಮಾರಿಯಲ್ಲೇ ಇದೆ ಎಂದರೆ ಅದು ಅಲ್ಲಿಗೆ ಹೇಗೆ ಹೋಯಿತು ಎಂದೂ ಹೇಳಬೇಕಾಗುತ್ತದೆ. ಕಂಪ್ಯೂಟರ್ ಸರ್ ಎಂಬ ಹೆಸರು ಎರಡು ವರ್ಷದ ಗಳಿಕೆ. "ಭಾರಿ ಭದ್ರ ಜಾಗದಾಗ ಅದ ರಿ ಮೇಡಂ" ಎಂದರು. ನಾಲ್ಕು ದಿನದಲ್ಲಿ ಅವರು ಹೇಳಿದ ಮೊದಲ ಖರೆ ಮಾತು ಅದು.

ಸೋಮವಾರ ಎಂಟೂವರೆಗೇ ಶಾಲೆಗೆ ಬಂದು ಮೇಡಂ ಕೋಣೆಯ ಮುಂದೆ ಸುಳಿದಾಡಿದರು. ಅಲಮಾರಿಗೆ ಬೀಗ, ಬೀಗದ ಚಾವಿ ಮೇಡಂ ಪರ್ಸಿನಲ್ಲಿ.

"ಮೇಡಂ, ಸಾಹೇಬ್ರ ಕಾಣಿಕಿ ನಾ ಕಾಯ್ತೇನ್ರಿ."

"ನೀವು ಸರ್ವರ್ ಕಾಯ್ರಿ."

ಹನ್ನೊಂದಕ್ಕೆ ಸಾಹೇಬರ ಜೀಪು ಬಂತು. ಅಂಗಳದಲ್ಲಿ ಶಾಮಿಯಾನ, ಖುರ್ಚಿ, ಮೈಕು. ಮೇಡಂ ಶಾಲನ್ನು ಕವರ್ ಸಮೇತ ಸಾಹೇಬರ ಹೆಗಲ ಮೇಲಿಟ್ಟು ಡಬ್ಬಿ ಕೈಗೆ ಕೊಟ್ಟರು. ಫೋಟೋ ಆಯಿತು. ಕೂಡಲೇ ಸಾಹೇಬರ ಜವಾನ ಎರಡನ್ನೂ ತೆಗೆದುಕೊಂಡು ಜೀಪಿನ ಕಡೆ ನಡೆದ. ಒಮ್ಮೆ ಜೀಪು ಸೇರಿದ ಕಾಣಿಕೆ ಹಿಂದಿರುಗಿದ ಉದಾಹರಣೆ ನಮ್ಮ ಜಿಲ್ಲೆಯಲ್ಲಿಲ್ಲ.

ದತ್ತಾತ್ರಿ ಸರ್ ಎರಡೇ ಜಿಗಿತಕ್ಕೆ ಮೈಕು ಹಿಡಿದರು. "ಏ ಜವಾನಪ್ಪ, ನಿಲ್ರಿ! ಸಾಹೇಬ್ರ, ನಮ್ಮ ಸಾಲಿ ಪದ್ಧತಿ ಏನಂದ್ರ, ಕಾಣಿಕಿ ಇಲ್ಲೇ ಬಿಚ್ಚಬೇಕು!"

ಅಂಥ ಪದ್ಧತಿ ನಮ್ಮ ಶಾಲೆಯಲ್ಲಿ ಯಾವತ್ತೂ ಇರಲಿಲ್ಲ. ಮೇಡಂ ಬಿಟ್ಟ ಕಣ್ಣು ಬಿಟ್ಟಂತೆ ನಿಂತರು. ಸಾಹೇಬರು ನಗುತ್ತ ಡಬ್ಬಿ ತರಿಸಿ ತೆರೆದರು. ಅವರ ನಗು ನಿಂತಿತು.

"ಅರೇ! ಇದು ನಾವೇ ನಿಮಗ ಕೊಟ್ಟಿದ್ದಲ್ಲ?"

"ಹೌದ್ರಿ ಸಾಹೇಬ್ರ" ಎಂದರು ನಮ್ಮ ಸರ್, ಎದೆ ಮುಂದೆ ಮಾಡಿ. "ಬ್ಯಾರೆ ಸಾಲ್ಯಾಗ ಯಾರ್ಯಾರೋ ಸರ್ವರಿಗಿ ಹಾಕಿರಬಹುದು. ನಾವು ಮುಚ್ಚಳ ಸಹ ಎಳದಿಲ್ಲ. ನಿಮ್ಮ ಕೈಲಿಂದಾನೇ ಆಗಲಿ ಅಂತ ಮೇಡಂ ಬೀಗ ಹಾಕಿ ಇಟ್ಟಿದ್ರು. ಬೇಕಾದ್ರ ಕೇಳ್ರಿ."

ಎಲ್ಲರೂ ಮೇಡಂ ಕಡೆ ತಿರುಗಿದರು. ಮೇಡಂ ಡಬ್ಬಿ ನೋಡಿದರು, ದತ್ತಾತ್ರಿ ಸರ್ ಮುಖ ನೋಡಿದರು. ಅವರಿಗೆ ಎಲ್ಲ ತಿಳಿಯಿತು. "ಬೀಗ ಹಾಕಿದ್ದು ಖರೆ" ಎಂದಷ್ಟೇ ಅಂದರು.

ಸಾಹೇಬರು ಖುಷಿಯಾಗಿ ತಾವೇ ಜೋರು ಹಚ್ಚಿ ಮುಚ್ಚಳ ಎಳೆದು ಸರ್ವರಿಗೆ ಚುಚ್ಚಿದರು. ಪರದೆಯ ಮೇಲೆ ಹಸಿರು ಪಟ್ಟಿ ಬಂತು. ಅದರ ಕೆಳಗೆ ಬರೆದಿತ್ತು, ಇನ್ನೂ ಒಂದು ತಾಸು ನಲವತ್ತು ನಿಮಿಷ ಬೇಕು.

"ಅಷ್ಟು ಹೊತ್ತು ಕೂಡ್ಲಿಕ್ಕ ಆಗಂಗಿಲ್ರಿ" ಎಂದರು ಸಾಹೇಬರು. "ನಾ ಭಾಲ್ಕಿಗಿ ಹೋಗ್ಬೇಕು. ಪಾಠ ನಡದದ್ದು ಕಣ್ಣಲೆ ನೋಡದೆ ಸಹಿ ಹಾಕಂಗಿಲ್ಲ, ಮೊದ್ಲೇ ಹೇಳ್ತೇನಿ."

ನಮ್ಮ ಸಭೆಗಳಲ್ಲಿ ಭಾಷಣ ಉದ್ದವಾಗುತ್ತದೆ ಎಂದು ಜನ ಬೈಯುತ್ತಾರೆ. ಆ ದಿನ ನಾವು ಆ ಕಲೆಯಿಂದಲೇ ಶಾಲೆ ಕಾಯಬೇಕಾಯಿತು. ಮೊದಲು ನನ್ನನ್ನು ಎಬ್ಬಿಸಿದರು. ನಾನು ಕನ್ನಡ ಮತ್ತು ಕಂಪ್ಯೂಟರ್ ಎಂಬ ವಿಷಯದ ಮೇಲೆ ಇಪ್ಪತ್ತೈದು ನಿಮಿಷ ಮಾತಾಡಿದೆ, ಕಂಪ್ಯೂಟರಿಗೆ ಬರುವ ಮೊದಲೇ ಸಮಯ ಮುಗಿಯಿತು. ವ್ಯಾಯಾಮದ ಮಕ್ಸೂದ ಸರ್ ತಾವು ಕಬಡ್ಡಿಯಲ್ಲಿ ಗೆದ್ದ ಪಂದ್ಯವನ್ನು ಇಪ್ಪತ್ತು ನಿಮಿಷ ಮತ್ತೆ ಆಡಿದರು. ದತ್ತಾತ್ರಿ ಸರ್ ಲ್ಯಾಬಿನ ಬಾಗಿಲಲ್ಲಿ ನಿಂತು, ಹತ್ತರಲ್ಲಿ ಎಷ್ಟು ಪಾಲು ಏರಿತೆಂದು ಬೆರಳೆತ್ತಿ ಲೆಕ್ಕ ತೋರಿಸುತ್ತಿದ್ದರು. ನಾಲ್ಕು ಬೆರಳು. ಇನ್ನೂ ನಾಲ್ಕೇ ಬೆರಳು. ಐದಕ್ಕೆ ಒಂದು ಕೈ ಪೂರ್ತಿಯಾಯಿತು.

ಜೀಪಿನ ಡ್ರೈವರ್ ಹಾರ್ನ್ ಹೊಡೆದ. ಸಾಹೇಬರು ಎದ್ದು ನಿಂತರು. "ಆತು ರಿ. ಪಟ್ಟಿ ಪ್ರಕಾರ ಏನಾಗ್ತದೋ ಆಗಲಿ."

ಆಗ ಮಹಮೂದಾ ಬೇಗಂ ಮೇಡಂ ಮೈಕಿನ ಮುಂದೆ ಬಂದರು. ಎರಡು ನಿಮಿಷದ ಮೇಡಂ ಏನು ಮಾಡಿಯಾರು ಎಂದು ನಾನು ಕೈಚೆಲ್ಲಿದೆ. ಅವರ ಕೈಯಲ್ಲಿ ಒಂದು ದಪ್ಪ ಫೈಲಿತ್ತು.

"ಸಾಹೇಬ್ರ, ಕೂಡ್ರಿ. ಈ ಕಂಪ್ಯೂಟರ್ ಸಲುವಾಗಿ ನಾ ನಲವತ್ತೊಂದು ಪತ್ರ ಬರದೀನಿ. ಜವಾಬೂ ಬಂದಾವ. ಮೂವತ್ತಕ್ಕ ನಾ ಹೋಗ್ತೇನಿ. ಹೋಗೋ ಮೊದ್ಲ ನಮ್ಮ ಹುಡುಗ್ಯಾರು ಒಮ್ಮಿ ಕೇಳಲಿ." ಕನ್ನಡಕ ಏರಿಸಿದರು. "ಪತ್ರ ಒಂದು."

ಓದಿದರು. ಜವಾಬೂ ಓದಿದರು: ಪರಿಶೀಲನೆಯಲ್ಲಿದೆ. ಪತ್ರ ಎರಡು. ಪರಿಶೀಲನೆಯಲ್ಲಿದೆ. ಏಳನೆಯದಕ್ಕೆ ಸಾಹೇಬರು ಕೂತರು, ಯಾಕೆಂದರೆ ಏಳನೆಯ ಜವಾಬಿನ ಕೆಳಗೆ ಅವರದೇ ಸಹಿ ಇತ್ತು. ಹನ್ನೆರಡಕ್ಕೆ ನೀರು ಕೇಳಿದರು. ಇಪ್ಪತ್ತರ ಹೊತ್ತಿಗೆ ಹು‌ಡುಗಿಯರೆಲ್ಲ ಮೇಡಂ ಜೊತೆ ದನಿಗೂಡಿಸಿ "ಪರಿಶೀಲನೆಯಲ್ಲಿದೆ" ಎನ್ನತೊಡಗಿದ್ದರು. ಮೇಡಂ ಒಂದು ಸಾಲನ್ನೂ ಬಿಡಲಿಲ್ಲ, ಪತ್ರ ಬಂದ ಹೋದ ಆವಕ ಜಾವಕ ನಂಬರು ಸಹ ಓದಿದರು. ಹಾರ್ನ್ ಹೊಡೆಯುತ್ತಿದ್ದ ಡ್ರೈವರ್ ಇಳಿದು ಬಂದು ಶಾಮಿಯಾನದ ಕಂಬಕ್ಕೆ ಒರಗಿ ನಿಂತು ಕೇಳಿದ. ನನಗೆ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯೇನಿಲ್ಲ.

"ಪತ್ರ ನಲವತ್ತೊಂದು" ಎಂದರು ಮೇಡಂ. "ಜವಾಬು, ಮಂಜೂರು."

ಅದೇ ಹೊತ್ತಿಗೆ ದತ್ತಾತ್ರಿ ಸರ್ ಲ್ಯಾಬಿನಿಂದ ಹತ್ತೂ ಬೆರಳು ಎತ್ತಿಕೊಂಡು ಓಡಿ ಬಂದರು.

ಹತ್ತನೆಯ ತರಗತಿಯ ಆಯೆಶಾ ಕೂತು ಒತ್ತಿದಳು. ಹನ್ನೆರಡೂ ಪರದೆಯ ಮೇಲೆ ಮನುಷ್ಯನ ಹೃದಯ ಬಂತು, ಕೆಂಪಗೆ, ಬಡಿದುಕೊಳ್ಳುತ್ತ. ಪಾಠ ಮಾತಾಡಿತು. ಸಾಹೇಬರು ಎರಡು ನಿಮಿಷ ನೋಡಿ ಸಹಿ ಹಾಕಿದರು. ಹೊರಡುವಾಗ ಕವರಿನ ಶಾಲನ್ನು ದತ್ತಾತ್ರಿ ಸರ್ ಹೆಗಲ ಮೇಲಿಟ್ಟರು. "ನನ್ನ ಕಡೆ ಮೂವತ್ತು ಅವ ರಿ. ಇದು ನಿಮಗಿರಲಿ." ಪೆನ್ ಡ್ರೈವ್ ಮೇಡಂ ಅಲಮಾರಿಗೆ ಹೋಯಿತು, ಶಾಲು ಶಾಲುಬಾಯಿಯವರ ಟ್ರಂಕಿಗೆ.

ನವೆಂಬರ್ ಮೂವತ್ತರಂದು ಮೇಡಂ ಬೀಳ್ಕೊಡುಗೆ. ಶಾಲುಬಾಯಿ ಬಂದು ಅದೇ ಶಾಲನ್ನು ಮೇಡಂ ಹೆಗಲ ಮೇಲಿಟ್ಟರು. ಫೋಟೋ ಆಯಿತು. ಆಮೇಲೆ ಮೇಡಂ ಒಂದು ವಿಚಿತ್ರ ಕೆಲಸ ಮಾಡಿದರು. ಥಂಡಿ ಬಹಳ ಇತ್ತು, ಅವರು ಪ್ಲಾಸ್ಟಿಕ್ ಕವರು ಟರ್ರನೆ ಹರಿದರು, ಶಾಲಿನ ಮಡಿಕೆ ಬಿಚ್ಚಿ ಕೊಡವಿದರು. ಮುಂದಿನ ಸಾಲಿನಲ್ಲಿ ಕೂತವರು ಹೌಹಾರಿದರು. ಮಡಿಕೆಯೊಳಗಿನಿಂದ ಒಂದು ಚೀಟಿ ಬಿತ್ತು.

ಮೇಡಂ ಅದನ್ನು ಎತ್ತಿ ಮೈಕಿನಲ್ಲೇ ಓದಿದರು: "ಡಬ್ಬಿಯಲ್ಲಿರುವುದು ಕಾಣಿಕೆಯಲ್ಲ, ಪೆನ್ ಡ್ರೈವ್. ಮುಚ್ಚಳವನ್ನು ಜೋರಾಗಿ ಎಳೆಯಿರಿ. ದಯವಿಟ್ಟು ಯಾರಿಗೂ ಕೊಡಬೇಡಿ."

ಸಭೆ ಚೀರಿ ನಕ್ಕಿತು. ಮೇಡಂ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. "ದತ್ತಾತ್ರಿ ಸರ್, ಈ ಚೀಟಿ ಎಷ್ಟು ಮನಿ ತಿರುಗಿ ಬಂತು ರಿ?"

"ತಿರುಗಿದ್ರೇನ್ರಿ ಮೇಡಂ?" ಎಂದು ಸರ್ ಎದ್ದು ನಿಂತರು, ಯಾವ ಅಳುಕೂ ಇಲ್ಲದೆ. "ಪೆನ್ ಡ್ರೈವೂ ಮುಟ್ಟಿಸೀನಿ, ಚೀಟಿನೂ ಮುಟ್ಟಿಸೀನಿ. ಜರಾ ಹಿಂದಮುಂದ ಆಗ್ಯಾದ, ಅಷ್ಟೇ."

ಮೇಡಂ ಶಾಲನ್ನು ತಲೆಯಿಂದ ಮೈತುಂಬ ಹೊದ್ದುಕೊಂಡು, ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು, ಬೀದರದ ಬಸ್ಸಿನ ಕಡೆ ನಡೆದರು. ಯಾರಿಗೂ ದಾಟಿಸಲಿಲ್ಲ. ಬಸ್ಸು ತಿರುವು ದಾಟುವ ತನಕ ನಾವೆಲ್ಲ ಗೇಟಿನಲ್ಲಿ ನಿಂತೇ ಇದ್ದೆವು.

ಕಡೆಗೆ ಶಾಲುಬಾಯಿಯವರೇ ಬಾಯಿ ಬಿಟ್ಟರು. "ಅಯ್ಯ ಶಿವನೇ, ಮೇಡಂ ಖರೇನೇ ಹೊದಕೊಂಡು ಹೋದ್ರಲ್ರಿ! ಸಂಜೀಗಿ ನಮ್ಮ ಕೈಗೇ ಬರ್ತದಂತ ತಿಳಕೊಂಡಿದ್ದೆ. ಇನ್ನ ಬುಧವಾರ ಮಕ್ಸೂದ ಸರ್ ಮಗನ ಮದುವಿಗಿ ಏನ್ ಒಯ್ಯಲಿ?"